ಬೆರಳುದ್ದದ ಕ್ರ್ಯಾಂಕ್‌ಶಾಫ್ಟ್

"ಏನ್ರೀ ಯಜಮಾನ್ರೇ, ಅಲ್ಲಿ ಹಸಿ ಅಡಿಕೆ ರಾಶಿ ಬಿದ್ದೈತೆ, ನೀವಿಲ್ಲಿ ಆಟದ ಸಾಮಾನು ಮಾಡ್ಕೊಂಡು ಕುಂತೀರಲ್ಲ!" ಕತ್ತಲಗೆರೆಯ ರೈತರೊಬ್ಬರು ಅಡಿಕೆ ಸುಲಿಯುವ ಯಂತ್ರದ ಸವೆದ ಶಾಫ್ಟ್ ಹಿಡಿದು, ಚನ್ನಗಿರಿಯ ನನ್ನ ಲೇತ್ ಅಂಗಡಿಯ ಬಾಗಿಲಲ್ಲೇ ಗುಡುಗಿದರು.

ನಾನು ತಲೆ ಎತ್ತುವಂತಿರಲಿಲ್ಲ. ಹವ್ಯಾಸದ ಹುಚ್ಚಿಗೆ ಮಾಡುತ್ತಿದ್ದ ಪುಟ್ಟ ಉಗಿ ಎಂಜಿನ್ನಿಗೆ, ಅದರ ಚಕ್ರ ತಿರುಗಿಸುವ ಬೆರಳುದ್ದದ ಕ್ರ್ಯಾಂಕ್‌ಶಾಫ್ಟನ್ನು ಒಂದೇ ಸರಳಿನಿಂದ ಕಡೆಯುತ್ತಿದ್ದೆ. ಹಿಂದಿನದು ಮುಗಿಯುವ ಹೊತ್ತಿಗೇ ಬಾಗಿಹೋಗಿತ್ತು.

"ಈಗ ಲೇತಿನಿಂದ ಬಿಚ್ಚಿದ್ರೆ ಮತ್ತೆ ನೇರ ಕೂರಲ್ಲ ಕಣ್ರೀ, ಒಂಚೂರು ತಡೀರಿ" ಎಂದೆ.

ಗೊಣಗುತ್ತಲೇ ಬಗ್ಗಿ ನೋಡಿದವರು, ನಾನು ಕೇಳದೆಯೇ ಮೊಬೈಲಿನ ಬೆಳಕು ಹಿಡಿದರು. ಲೋಹದ ಕೊನೆಯ ತೆಳು ಸುರುಳಿ ಉದುರಿತು, ಶಾಫ್ಟ್ ಬಾಗಲಿಲ್ಲ. ಉಳಿದ ಭಾಗಗಳು ಸಿದ್ಧವಿದ್ದವು. ಜೋಡಿಸಿ ತೋರಿಸುವವರೆಗೆ ಅವರು ಬಿಡಲಿಲ್ಲ. ಉಗಿ ಕೊಡುವ ಬಾಯ್ಲರ್ ಇನ್ನೂ ಆಗಿರಲಿಲ್ಲವಾದ್ದರಿಂದ ನಳಿಗೆಗೆ ತಾವೇ ಬಾಯಿಟ್ಟು ಊದಿದರು. ಚಕ್ರ ಗಿರ್ರನೆ ತಿರುಗಿತು!

ಅಷ್ಟರಲ್ಲಿ ಅವರ ಮನೆಯಿಂದ ಫೋನ್ ಬಂತು. "ಬರ್ತೀನಿ ತಡಿಯೇ, ಇಲ್ಲಿ ಎಂಜಿನ್ ಓಡಿಸೋದೈತೆ!" ಎಂದು ಹೆಂಡತಿಯನ್ನೇ ಗದರಿ, ಮತ್ತೆ ಊದಿದರು.

ಅವರ ಶಾಫ್ಟನ್ನು ಅಂದೇ ಸರಿಮಾಡಿ ಕೊಟ್ಟೆ. ನನ್ನ ಎಂಜಿನ್ ಈಗ ಉಗಿಯಲ್ಲೇ ಓಡುತ್ತದೆ. ಆದರೂ ಪ್ರತಿ ಸಲ ಬಾಯ್ಲರ್ ಹೊತ್ತಿಸುವಾಗ, ಆ ರೈತರ ಮೀಸೆಯ ಎರಡೂ ಬದಿ ಚೆಂಡಿನಂತೆ ಉಬ್ಬಿದ್ದ ಆ ಕೆನ್ನೆಗಳು ಕಣ್ಣಿಗೆ ಕಟ್ಟಿ, ಒಬ್ಬನೇ ನಗುತ್ತೇನೆ.