ಕಾಡಸಿದ್ದ ಕೊರಳಿಂದ ತೆಗೆದ ಲಿಂಗ

ನನ್ನ ಭಾವ ಕಾಡಸಿದ್ದನ ಸಲುವಾಗಿ ನಾನು ಪಟ್ಟ ಪಾಡು ನನ್ನ ವೈರಿಗೂ ಬೇಡ. ಇಚಲಕರಂಜಿಯ ಒಂದು ಕಾರಖಾನೆಯಲ್ಲಿ ಅವನಿಗೆ ಮಗ್ಗದ ಕೆಲಸ. ಮಗ್ಗದ ಮುಂದೆ ನಿಂತರೆ ಬಂಗಾರದಂಥ ಮನುಷ್ಯ. ಪಗಾರದ ದಿನ ಮಾತ್ರ ಹಾತಭಟ್ಟಿ ಸೆರೆ ಕುಡಿದು ಬಂದು, ನನ್ನ ಅಕ್ಕ ಕಲ್ಲವ್ವನನ್ನು ದನಕ್ಕೆ ಬಡಿದಂತೆ ಬಡಿಯುತ್ತಿದ್ದ. ಅವಳು ಅಳುತ್ತ ನಮ್ಮೂರು ನೂಲಕ್ಕೆ ಬಂದಾಗಲೆಲ್ಲ ನಮ್ಮಪ್ಪ, "ಗಂಡ ಅಂದಮ್ಯಾಲ ಒಂದೇಟು ಹೊಡದ್ರ ಏನಾತು?" ಎಂದು ತಿರುಗಿ ಬಸ್ಸು ಹತ್ತಿಸುತ್ತಿದ್ದ.

ಅರವತ್ತೊಂದನೇ ಇಸವಿಯಲ್ಲಿ ಪಕ್ಕದ ಮಗ್ಗದವನೊಬ್ಬ ಭಾವನನ್ನು ಕ್ರೈಸ್ತರ ಪ್ರಾರ್ಥನೆಗೆ ಕರೆದುಕೊಂಡು ಹೋದ. ಅಲ್ಲಿ ಏನು ಕೇಳಿದನೋ, ಏನು ಕಂಡನೋ, ಸೆರೆ ಬಿಟ್ಟ. ಬೈಗುಳ ಬಿಟ್ಟ. ಅಕ್ಕನ ಮೇಲೆ ಕೈ ಎತ್ತುವುದನ್ನೂ ಬಿಟ್ಟ. ಮರುವರ್ಷ ಕೊಲ್ಹಾಪುರಕ್ಕೆ ಹೋಗಿ ದೀಕ್ಷಾಸ್ನಾನ ಮಾಡಿಸಿಕೊಂಡು, ಕೊರಳಲ್ಲಿ ಲಿಂಗವಿಲ್ಲದೆ ಮನೆಗೆ ಬಂದ. ಹೊಡೆಯುವಾಗ ಸುಮ್ಮನಿದ್ದ ನಮ್ಮಪ್ಪನಿಗೆ ಈಗ ನೆತ್ತಿಗೇರಿತು ನೋಡಿ ಸಿಟ್ಟು! "ಲಿಂಗ ಇಲ್ಲದಾವನ ಮನ್ಯಾಗ ನನ್ನ ಮಗಳು ಇರಬಾರದು. ಹೋಗಿ ಕರಕೊಂಡ ಬಾ" ಎಂದು ನನ್ನನ್ನು ಅಟ್ಟಿದ.

ನಾನು ಹೋದಾಗ ಅಕ್ಕ ಒಲೆಯ ಹತ್ತಿರ, ಭಾವ ಹೊಸ್ತಿಲಾಚೆ ಕೂತು ಉಣ್ಣುತ್ತಿದ್ದರು. ಲಿಂಗ ಕಟ್ಟದವರೊಡನೆ ನಮ್ಮವರು ಪಂಕ್ತಿಗೆ ಕೂಡುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನುತ್ತಾರೆ. ಇವರ ಜಗಳವೇ ಉಣ್ಣುವುದರಲ್ಲಿ!

"ನಡಿ ಅಕ್ಕಾ, ಗಂಟು ಕಟ್ಟು" ಅಂದೆ.

"ಮೊದಲ ಇದನ್ನ ಏನ ಮಾಡ್ಲಿ ಹೇಳು" ಎಂದು ದೇವರ ಜಗಲಿ ತೋರಿಸಿದಳು. ಭಾವ ತೆಗೆದಿಟ್ಟ ಲಿಂಗ ಅಲ್ಲಿ ಕೆಂಪು ವಸ್ತ್ರದ ಮೇಲೆ ಇತ್ತು. ಪೂಜೆಯಿಲ್ಲದೆ ಅದನ್ನು ಇಡುವಂತಿಲ್ಲ. ಹಾಗಾಗಿ ದಿನಾ ತನ್ನ ಲಿಂಗದ ಜೊತೆ ಅದಕ್ಕೂ ಅಕ್ಕನೇ ವಿಭೂತಿ ಹಚ್ಚುತ್ತಿದ್ದಳಂತೆ.

ಪಾದ್ರಿ "ಹೊಳೆಗೆ ಬಿಟ್ಟುಬಿಡು" ಅಂದಿದ್ದರು. ಭಾವ ಪಂಚಗಂಗೆಯ ತನಕ ಹೋಗಿ ಹಾಗೇ ತಿರುಗಿ ಬಂದಿದ್ದ. "ನಮ್ಮವ್ವ ಕಟ್ಟಿಸಿದ್ದು ಅಪ್ಪಣ್ಣಾ. ಕೈ ಬರಲಿಲ್ಲ" ಅಂದ. ಕಟ್ಟಿಕೊಳ್ಳಲೂ ಒಲ್ಲ, ಬಿಡಲೂ ಒಲ್ಲ. ಇಂಥವನ ಜೊತೆ ಏನು ಹೆಣಗಬೇಕು?

ಮರುದಿನ ಅವನನ್ನು ಗಡಹಿಂಗ್ಲಜಕ್ಕೆ, ನಮ್ಮ ಮನೆತನದ ಮುದುಕ ಅಯ್ಯನವರ ಹತ್ತಿರ ಎಳೆದುಕೊಂಡು ಹೋದೆ. ಲಿಂಗ ಕೊಡುವವರು ಅವರೇ, ಹಿಂದಕ್ಕೂ ಅವರೇ ತಗೊಳ್ಳಲಿ ಎಂದು ನನ್ನ ಲೆಕ್ಕ. ಅಯ್ಯನವರು ಭಾವನನ್ನು ಮೇಲಿಂದ ಕೆಳಗೆ ನೋಡಿದರು.

"ನೀ ಸತ್ತೀಯೇನು?"

"ಇಲ್ರಿ."

"ಮತ್ತ? ಲಿಂಗ ಮನಶ್ಯಾನ ಕೂಡ ಮಣ್ಣಿಗೆ ಹೋಗೂದು. ಜೀವಂತ ಇದ್ದಾವಂದು ನಾ ಹೆಂಗ ತಗೊಳ್ಲಿ?"

ಭಾವ ಮೆತ್ತಗೆ, "ಆ ಹಳೇ ಕಾಡಸಿದ್ದ ಸತ್ತಾನ್ರಿ, ಅಯ್ಯಾರ" ಅಂದ.

"ಹಂಗಾರ ಹೆಣ ಎಲ್ಲೈತಿ?" ಎಂದು ಅಯ್ಯನವರು ಎದ್ದು ಒಳಗೆ ಹೋದರು.

ಬಸ್ಸಿನಲ್ಲಿ ಭಾವ ಆ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು.

ಮನೆ ಮುಟ್ಟಿದ ಕೂಡಲೇ ಅಕ್ಕನ ಮೇಲೆ ಹರಿಹಾಯ್ದೆ. "ಸಾಕಾತು ನನಗ! ಅದನ್ನ ಜಗಲಿ ಮ್ಯಾಲ ಬಿಟ್ಟು ನಡಿ. ಹೊಡಿಸಿಕೊಂಡಾಗ ಓಡಿ ಬರತಿದ್ದಿ. ಈಗ ಯಾವ ಸುಖಕ್ಕ ಕುಂತಿ?"

ಅಕ್ಕ ಭಾವನ ಕೈಯಿಂದ ಲಿಂಗ ತಗೊಂಡು, ಸೆರಗಿನಿಂದ ಒರೆಸಿದಳು.

"ನಾ ಬರಂಗಿಲ್ಲ ತಮ್ಮಾ. ನಾ ಸತ್ತರ ನೀವು ನನ್ನ ಕುಂದರಿಸಿ, ಕೈಯಾಗ ಲಿಂಗಾ ಇಟ್ಟು, ನಮ್ಮ ಹೊಲದಾಗ ಮಣ್ಣ ಮಾಡ್ತೀರಿ. ಇವರನ್ನ ಅವರ ಮಂದಿ ಪೆಟ್ಟಿಗ್ಯಾಗ ಮಲಗಿಸಿ ಬ್ಯಾರೆ ಕಡೆ ಒಯ್ತಾರ. ಸತ್ತಮ್ಯಾಲ ಹೆಂಗೂ ಕೂಡಿ ಇರಂಗಿಲ್ಲ. ಬದುಕಿದ್ದಾಗರ ಇರ್ತೀವಿ. ನೀ ಹೋಗು, ಬಸ್ಸ ತಪ್ಪತೈತಿ."