ನವಿಲುಗರಿಯ ಹುಳ

ಬಹರೈನ್‌ನಲ್ಲಿ ಟ್ರೌಟ್ ಮೀನಿಲ್ಲ. ಅದಕ್ಕೆ ಬೇಕಾದ ತಣ್ಣನೆಯ ಹೊಳೆಯೂ ಇಲ್ಲ. ಆದರೂ ಸೆಗಯಾದ ನನ್ನ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಅದಕ್ಕಾಗಿ ನಲವತ್ತೊಂದು ಹುಳಗಳು ಸನ್ನದ್ಧವಾಗಿವೆ. ನಿಂಫ್ ಎಂದು ಹೆಸರು: ರೆಕ್ಕೆ ಬರುವ ಮುಂಚೆ ನೀರಡಿಯಲ್ಲಿ ತೆವಳುವ ಹುಳದ ನಕಲು, ಗಾಳದ ತುದಿಗೆ ಕಟ್ಟುವಂಥದ್ದು. ಸಣ್ಣ ಕೊಕ್ಕೆ, ಸುಟ್ಟ ಮಿಕ್ಸಿಯ ಮೋಟರಿನಿಂದ ಬಿಚ್ಚಿದ ತಾಮ್ರದ ತಂತಿ, ನಾಲ್ಕೆಳೆ ನವಿಲುಗರಿ. ಅಷ್ಟೇ. ಆ ಮೇಜಿಗೆ ಊಟಕ್ಕೆ ಬರುವವನು ನಾನೊಬ್ಬನೇ ಆದ್ದರಿಂದ ಯಾರ ಆಕ್ಷೇಪಣೆಯೂ ದಾಖಲಾಗಿಲ್ಲ.

ಮಗಳ ಕಾಲೇಜಿಗೆಂದು ಹೆಂಡತಿ ಮಂಗಳೂರಿಗೆ ಹೋಗಿ ಮೂರು ವರ್ಷವಾಯಿತು. ಅದಕ್ಕೂ ಮುಂಚಿನ ರಜೆಯಲ್ಲಿ ನಾವಿಬ್ಬರೂ ಹಿಮಾಚಲದ ಒಂದು ಹೊಳೆಯ ದಡದಲ್ಲಿ ನಾಲ್ಕು ದಿನ ಇದ್ದೆವು. ಮೀನು ತಿನ್ನದ ಮನೆತನದ ನಾನು, ಹಿಡಿದದ್ದನ್ನು ಬಿಟ್ಟುಬಿಡುವ ಪ್ರತಿಜ್ಞೆಗೈದು ಮೊಣಕಾಲುದ್ದ ನೀರಿಗಿಳಿದೆ. ಅವಳು ಕೊಡೆ ಹಿಡಿದು ಬಂಡೆಯ ಮೇಲೆ ಕೂತು ನಕ್ಕಳು. ನಮ್ಮ ಕರಾವಳಿಯ ಗಾಳದಲ್ಲಿ ಮೀನು ಬೆರಳನ್ನು ಎಳೆದು ಸುದ್ದಿ ಮುಟ್ಟಿಸುತ್ತದೆ. ನಿಂಫ್ ಹಾಗಲ್ಲ. ಮೀನು ಅದನ್ನು ಬಾಯಿಗೆ ಹಾಕಿಕೊಂಡರೆ, ಮೇಲೆ ದಾರಕ್ಕೆ ಕಟ್ಟಿದ ಉಣ್ಣೆಯ ಚೂರು ತೇಲುತ್ತ ತೇಲುತ್ತ ಒಂದು ಕ್ಷಣ ತಡೆಯುತ್ತದೆ, ಆಗಲೇ ಕೋಲೆತ್ತಬೇಕು. ಎಳೆತಕ್ಕೆ ಕಾದರೆ ಮೀನು ಉಗುಳಿ ಹೋಗಿರುತ್ತದೆ. ನಾನು ನಾಲ್ಕು ದಿನವೂ ಎಳೆತಕ್ಕೆ ಕಾದೆ.

ಈ ರಜೆಯಲ್ಲಿ ಅವಳನ್ನು ಮತ್ತೆ ಆ ಬಂಡೆಯ ಮೇಲೆ ಕೂರಿಸಬೇಕು ಎಂಬುದೇ ಹುಳಗಳ ಹಿಂದಿನ ಗುಪ್ತ ಕಾರ್ಯಸೂಚಿ. ಅವಳನ್ನು ಇನ್ನೂ ಕರೆದಿರಲಿಲ್ಲ, ಅಷ್ಟೆ.

ಕೃಷ್ಣಾಷ್ಟಮಿಯ ಬೆಳಿಗ್ಗೆ, ವಿಡಿಯೋ ಕಾಲ್‌ನಲ್ಲಿ ದೇವರ ಕಪಾಟು ತೋರಿಸುವಂತೆ ಅವಳ ಅಪ್ಪಣೆಯಾಯಿತು.

“ಅಯ್ಯೋ ಮಾರಾಯ್ರೆ, ಕೃಷ್ಣನ ಗರಿಗೆ ಎಂತ ಆಯ್ತು?”

ಫೋಟೋದ ಹಿಂದೆ ಗರಿಯ ಕಣ್ಣು ಮತ್ತು ಒಂದು ಬೋಳು ಕಡ್ಡಿ ಉಳಿದಿದ್ದವು.

“ಹಲ್ಲಿ ತಿಂದಿರ್ಬೇಕು,” ಎಂದೆ.

“ಹಲ್ಲಿ ಗರಿ ತಿಂತದಾ? ಸತ್ಯ ಹೇಳಿ.”

ಹೇಳಿದೆ. ಸಾಕ್ಷ್ಯವಾಗಿ ಒಂದು ಹುಳವನ್ನೂ ಕ್ಯಾಮೆರಾದ ಮುಂದೆ ಹಿಡಿದೆ.

“ದೇವರ ಗರಿ ಕಿತ್ತು ಮೀನಿಗೆ ಹುಳ! ಅತ್ತೆಗೆ ಹೇಳ್ತೇನೆ, ತಡೀರಿ.” ಅದೇ ನಗು. ಆಮೇಲೆ, “ಹಾಗಾದ್ರೆ ಪುನಃ ಅಲ್ಲಿಗೆ ಹೋಗ್ಲಿಕ್ಕುಂಟಾ?” ಎಂದು ಸುಮ್ಮನಾದಳು.

“ನೋಡುವ,” ಎಂದೆ.

ನಮ್ಮ ಕಡೆಯವರು ಹೆಣ್ಣು ನೋಡುವುದರಿಂದ ಹಿಡಿದು ಹಲ್ಲು ಕೀಳಿಸುವವರೆಗೆ ಎಲ್ಲಕ್ಕೂ ಕೊಡುವ ಉತ್ತರ ಅದು. ಇನ್ನೊಂದು ಮಾತು ಅವಳೇ ಆಡಲಿ ಎಂದು ಕಾದೆ.

“ನೋಡಿ, ನೋಡಿ. ಕುಕ್ಕರ್ ಕೂಗ್ತಾ ಉಂಟು.” ಇಟ್ಟುಬಿಟ್ಟಳು.

ಹದಿನೈದು ದಿನ ಬಿಟ್ಟು, ಆ ಹೊಳೆಗೆ ಹೋಗೋಣ ಎಂದು ಸರಿಯಾಗಿ ಕರೆದೆ. “ನೀವು ಏನೂ ಹೇಳ್ಲಿಲ್ಲಲ್ಲ. ಅಕ್ಕನ ಒಟ್ಟಿಗೆ ಕಾಶಿಗೆ ಟಿಕೆಟ್ ಆಯ್ತು,” ಎಂದಳು. ಕೋಪವಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ಈಗ ಶುಕ್ರವಾರ ಬೆಳಿಗ್ಗೆ ಅರಾದ್‌ನ ದಡಕ್ಕೆ ಹೋಗಿ ಉಪ್ಪುನೀರಿನಲ್ಲಿ ಅಭ್ಯಾಸ ಮಾಡುತ್ತೇನೆ. ಹುಳ ಪಾಚಿಗೆ ತಗುಲಿ ಉಣ್ಣೆಯ ಚೂರು ಒಂದು ಕ್ಷಣ ತಡೆಯುತ್ತದೆ. ಕೋಲೆತ್ತುತ್ತೇನೆ. ಒಂದು ಸಲವೂ ತಡವಾಗಿಲ್ಲ.