ಹಡಗಿನ ಗಡಿಯಾರ

ಕಾಮೋಠೆಯ ಅಕ್ಕನ ಅಡುಗೆಮನೆಯಲ್ಲಿ ಎರಡು ಗಡಿಯಾರಗಳಿವೆ. ಹೋದ ಭಾನುವಾರ ಅವುಗಳಲ್ಲಿ ಒಂದು ನಿಂತುಹೋಗಿತ್ತು. ಹೊಸ ಸೆಲ್ ಹಾಕಲು ನಾನು ಸ್ಟೂಲ್ ಹತ್ತಿದೆ. ಮನೆಗೆ ಬಂದ ತಮ್ಮಂದಿರು ಇಂಥ ಕೆಲಸಕ್ಕಲ್ಲದೆ ಇನ್ಯಾತಕ್ಕೆ ಹೇಳಿ? ಆದರೆ ನಾನು ಹೇಳಹೊರಟದ್ದು ಗಡಿಯಾರದ ವಿಷಯವಲ್ಲ, ನನ್ನ ಬಾಯಿಯ ವಿಷಯ.

ಆ ಗಡಿಯಾರ ನಮ್ಮ ಸಮಯಕ್ಕಿಂತ ಎರಡೂವರೆ ಗಂಟೆ ಹಿಂದೆ. ಕೆಟ್ಟದ್ದಲ್ಲ, ಅದು ಹಡಗಿನ ಗಡಿಯಾರ. ಅಕ್ಕನ ಗಂಡ, ನನ್ನ ಭಾವ, ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರು. ಪಶ್ಚಿಮಕ್ಕೆ ಸಾಗುವಾಗ ಹಡಗಿನವರು ಗಡಿಯಾರವನ್ನು ಹಿಂದೆ ಹಾಕುತ್ತಾರೆ. ಭಾವ ಫೋನಿನಲ್ಲಿ ಹೇಳಿದ ಕೂಡಲೇ ಅಕ್ಕ ಇಲ್ಲಿ ಮುಳ್ಳು ತಿರುಗಿಸುತ್ತಿದ್ದಳು. ಎಲ್ಲರಿಗೂ ಬಡಿಸಿ ಭಾವ ತಟ್ಟೆ ಹಾಕಿಕೊಳ್ಳುವುದು ಒಂದು ಗಂಟೆಗೆ; ಆ ಗಡಿಯಾರದಲ್ಲಿ ಒಂದಾಗದೆ ಅಕ್ಕ ಉಣ್ಣುತ್ತಿರಲಿಲ್ಲ.

ಆ ವರ್ಷಗಳಲ್ಲಿ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಹಾವಳಿ. ದಾರಿ ಕಾಯಲು ಎಷ್ಟೋ ದೇಶಗಳ ಯುದ್ಧನೌಕೆಗಳು ಬಂದಿದ್ದವು. ಇದನ್ನೆಲ್ಲ ಪೇಪರಿನಲ್ಲಿ ಓದಿ, ರಬಾಳೆಯ ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನಾನು ದೊಡ್ಡ ದಂಡನಾಯಕನಂತೆ ಮಾತಾಡುತ್ತಿದ್ದೆ. ಊರು ಬಿಟ್ಟ ಮೇಲೆ ನಾನು ಕಂಡ ಸಮುದ್ರವೆಂದರೆ ವಾಶಿ ಸೇತುವೆಯ ಮೇಲೆ ರೈಲಿನ ಕಿಟಕಿಯಿಂದ ಕಾಣುವ ಖಾಡಿ, ಆ ಕಡಲ ಹಿನ್ನೀರು, ಅಷ್ಟೇ.

ಒಂದು ದಿನ ಕೊಲಂಬೊದಿಂದ ಭಾವನ ಫೋನು ಬಂತು. "ಏಡನ್ ದಾರಿ ಬೇಡ ಅನ್ನುವವರು ಇಲ್ಲೇ ಇಳೀಬಹುದಂತೆ ಮಾರಾಯ. ನೀನು ಪೇಪರ್ ಓದ್ತಿಯಲ್ಲ, ಎಂತ ಹೇಳ್ತಿ?"

"ಎಂತ ಹೆದರಿಕೆ ಭಾವ? ಎದುರು ಯುದ್ಧನೌಕೆ, ಹಿಂದೆ ಯುದ್ಧನೌಕೆ. ನಮ್ಮ ಪನ್ವೇಲ್ ಹೈವೇಗಿಂತ ಸೇಫ್. ಬಿಂದಾಸ್ ಹೋಗಿ."

ಹೋದರು. ಹಡಗಿನ ಗಡಿಯಾರ ಎರಡೂವರೆ ಗಂಟೆ ಹಿಂದೆ ಬಂದಿತೆಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೇ ಭಾವನ ಕೊನೆಯ ಮಾತು. ಯುದ್ಧನೌಕೆಗಳ ಜೊತೆ ಸೇರಿಕೊಳ್ಳುವ ಮೊದಲೇ ಹಡಗು ಕಳ್ಳರ ಕೈಗೆ ಸಿಕ್ಕಿತು. ಏಳು ತಿಂಗಳ ಮೇಲೆ ಬಿಡುಗಡೆಯಾಯಿತು. ಉಳಿದವರೆಲ್ಲ ಬಂದರು. ಭಾವ ಜ್ವರ ಬಂದು, ಔಷಧಿಯಿಲ್ಲದೆ ತೀರಿಕೊಂಡಿದ್ದರು. ಕಡಲಿಗೇ ಬಿಟ್ಟರಂತೆ.

ಕೊಲಂಬೊದ ಫೋನಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಭಾನುವಾರ ಭಾನುವಾರ ಬಂದು ಸಿಲಿಂಡರ್ ಬದಲಿಸಿದೆ, ನಲ್ಲಿ ರಿಪೇರಿ ಮಾಡಿದೆ, ಒಂದು ಗಂಟೆಗೆ ಅಕ್ಕ ಬಡಿಸಿದ್ದನ್ನು ತಲೆ ತಗ್ಗಿಸಿ ಉಂಡೆ. ಅವಳು ಮಾತ್ರ ಆಮೇಲೂ ಮೂರೂವರೆಯವರೆಗೆ ಕಾಯುತ್ತಿದ್ದಳು.

ಮೊನ್ನೆ ಸ್ಟೂಲಿನ ಮೇಲೆ ನಿಂತು ಮುಳ್ಳಿಗೆ ಬೆರಳಿಟ್ಟಾಗ ಬಾಯಿಗೆ ಬಂದುಬಿಟ್ಟಿತು. "ಅಕ್ಕ, ಭಾವನಿಗೆ ಹೋಗಿ ಅಂದದ್ದು ನಾನು."

ಅವಳು ತೊಂಡೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು. ಆವತ್ತೇ ನನಗೂ ಫೋನ್ ಮಾಡಿದ್ರು. ನಿನ್ನ ತಮ್ಮ ಧೈರ್ಯ ಹೇಳಿದ, ಇನ್ನು ನಿದ್ದೆ ಬರ್ತದೆ ಅಂದ್ರು." ಹೆಚ್ಚಿದ ಹೋಳುಗಳನ್ನು ಬದಿಗೆ ಸರಿಸಿ, "ನೀನು ಯಾವಾಗ ಹೇಳ್ತಿ ಅಂತ ಕಾದೆ," ಎಂದಳು.

ನಾನು ಅಲ್ಲೇ ಗೋಡೆಗೆ ಮುಖ ಮಾಡಿ ಅತ್ತೆ. ಅಕ್ಕ ಸ್ಟೂಲ್ ಅಲ್ಲಾಡದಂತೆ ಹಿಡಿದುಕೊಂಡಳು.

ಒಂದು ಗಂಟೆಗೆ ಎಂದಿನಂತೆ ನನ್ನ ತಟ್ಟೆ ಇಟ್ಟಳು. ಈಗ ಬೇಡವೆಂದೆ. ಮೂರೂವರೆಗೆ, ಹಡಗಿನಲ್ಲಿ ಒಂದಾದಾಗ, ಇಬ್ಬರೂ ಉಣ್ಣಲು ಕುಳಿತೆವು.